ನವೋದಯ ಪರೀಕ್ಷೆಗೆ ಅಮ್ಮನೇ ಟೀಚರ್!

ನಿಮ್ಮ ಮಗ ಅಥವಾ ಮಗಳು ಈ ವರ್ಷ ಐದನೇ ಕ್ಲಾಸಾ? ಹಾಗಾದ್ರೆ ಶಾಲೆ ಶುರುವಾದ ವಾರದಲ್ಲೇ ಯಾರಾದರೊಬ್ಬರು ಕೇಳಿಯೇ ಇರುತ್ತಾರೆ, ‘ನವೋದಯಕ್ಕೆ ಬರೆಸಲ್ವಾ?’ ಅಂತ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ‘ಕೋಚಿಂಗಿಗೆ ಎಲ್ಲಿಗೆ ಕಳಿಸ್ತಿದೀರಿ?’ ಈ ಎರಡನೇ ಪ್ರಶ್ನೆ ಕೇಳಿದ ಕೂಡಲೇ ನಮ್ಮಂಥ ಗೃಹಿಣಿಯರಿಗೆ ಎದೆ ಢವಢವ. ಅಷ್ಟು ದುಡ್ಡು ಎಲ್ಲಿಂದ ತರೋದು, ದಿನಾ ಯಾರು ಬಿಟ್ಟು ಕರೆದುಕೊಂಡು ಬರೋದು, ‘ನಾನು ಓದಿದ್ದೇ ಎಸ್ಸೆಸ್ಸೆಲ್ಸಿ, ನಾನೇನು ಹೇಳಿಕೊಟ್ಟೇನು’ ಎಂಬ ಅಳುಕು ಬೇರೆ.

ಸ್ವಲ್ಪ ತಾಳಿ. ಈ ಪರೀಕ್ಷೆ ಮಗುವಿನಿಂದ ಏನು ಕೇಳುತ್ತದೆ ಅನ್ನೋದನ್ನು ಒಮ್ಮೆ ಸಮಾಧಾನವಾಗಿ ನೋಡಿ. ಅದರಲ್ಲಿ ಬಹುಪಾಲು ನಿಮ್ಮ ಅಂಗಳದ ರಂಗೋಲಿಯಲ್ಲಿ, ಅಡುಗೆಮನೆಯ ಡಬ್ಬಿಗಳಲ್ಲಿ, ಹಾಲಿನ ಲೆಕ್ಕ ಗುರುತು ಹಾಕಿದ ಕ್ಯಾಲೆಂಡರಿನಲ್ಲೇ ಇದೆ. ಇದನ್ನು ಸುಮ್ಮನೆ ಧೈರ್ಯ ತುಂಬೋಕೆ ಹೇಳ್ತಿಲ್ಲ. ನನ್ನ ಅಕ್ಕನ ಮಗನಿಗೂ ನನ್ನ ಮಗಳಿಗೂ ಮನೆಯಲ್ಲೇ ಹೇಳಿಕೊಟ್ಟವಳು ನಾನು. ಅವನಿಗೆ ಸೀಟು ಸಿಕ್ಕಿತು, ಇವಳಿಗೆ ಸಿಗಲಿಲ್ಲ. ಎರಡೂ ನೋಡಿದ್ದೇನೆ ಅನ್ನೋದಕ್ಕೆ ಈ ಮಾತು.

ಮೊದಲು ಶಾಲೆಯ ವಿಷಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸು ಈ ಜವಾಹರ್ ನವೋದಯ ವಿದ್ಯಾಲಯಗಳು. ಹಳ್ಳಿಯ ಜಾಣ ಮಕ್ಕಳಿಗೂ ಒಳ್ಳೆಯ ವಸತಿ ಶಾಲೆ ಸಿಗಲಿ, ಜಿಲ್ಲೆಗೊಂದರಂತೆ ಇರಲಿ ಎಂಬುದು ಉದ್ದೇಶ. ಆರರಿಂದ ಹನ್ನೆರಡನೇ ತರಗತಿಯವರೆಗೆ ಸಿಬಿಎಸ್‌ಇ ಓದು. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲಾ ಉಚಿತ. ಒಂಬತ್ತನೇ ತರಗತಿಯಿಂದ ತಿಂಗಳಿಗೆ 600 ರೂಪಾಯಿ ವಿದ್ಯಾಲಯ ವಿಕಾಸ ನಿಧಿ ಕಟ್ಟಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿರುವ ಕುಟುಂಬದವರಿಗೆ ಅದೂ ಇಲ್ಲ. (ಸರ್ಕಾರಿ ನೌಕರರ ಮಕ್ಕಳಿಗೆ ಲೆಕ್ಕ ಬೇರೆ.) ಒಂದು ಶಾಲೆಗೆ ಆರನೇ ತರಗತಿಗೆ ಸೇರಿಸಿಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಅದರಲ್ಲಿ ಕನಿಷ್ಠ ಶೇಕಡಾ 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ. ‘ಹೆಣ್ಣು ಹುಡುಗೀನ ಹಾಸ್ಟೆಲಿಗೆ ಕಳಿಸ್ತೀಯಾ?’ ಅಂತ ಅತ್ತೆಯವರು ಮೂಗು ಮುರಿದರೆ ಈ ಲೆಕ್ಕವನ್ನು ಅವರ ಮುಂದಿಡಿ. ಮಗನಿಗೆ ಮಾತ್ರ ಅರ್ಜಿ ಹಾಕಿಸುವ ಮನೆಗಳು ಇನ್ನೂ ಇವೆ, ನೋಡಿ ಬೇಜಾರಾಗುತ್ತದೆ.

ಅರ್ಜಿಗೆ ಮೊದಲೇ ಎಚ್ಚರ

ಅರ್ಜಿ ಆನ್‌ಲೈನ್, ಶುಲ್ಕವಿಲ್ಲ. ಸಾಮಾನ್ಯವಾಗಿ ಮಳೆಗಾಲದಲ್ಲೇ ಕರೆಯುತ್ತಾರೆ. ಮಗು ಓದುತ್ತಿರುವ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಇರುವ ಪ್ರಮಾಣಪತ್ರ ಬೇಕು. ಪರೀಕ್ಷೆ ಚಳಿಗಾಲದಲ್ಲಿ. 2024ರಲ್ಲಿ ಜನವರಿ 20ಕ್ಕೆ, 2025ರಲ್ಲಿ ಜನವರಿ 18ಕ್ಕೆ ಇತ್ತು. 2026ರ ಪ್ರವೇಶಕ್ಕೆ 2025ರ ಡಿಸೆಂಬರ್ 13ಕ್ಕೇ ನಡೆದುಹೋಯಿತು. ಹಾಗಾಗಿ ‘ಜನವರಿಯಲ್ಲಿ ತಾನೇ’ ಅಂತ ಕೂರಬೇಡಿ.

ಇನ್ನು ಮೂರು ನಿಯಮಗಳಿವೆ, ಇವನ್ನು ತಿಳಿಯದೆ ಹೆಜ್ಜೆ ಇಡಬೇಡಿ. ಒಂದು, ಆರನೇ ತರಗತಿಯ ಈ ಪರೀಕ್ಷೆ ಬರೆಯಲು ಜೀವಮಾನದಲ್ಲಿ ಒಂದೇ ಅವಕಾಶ. ‘ಈ ಸಲ ಆಗದಿದ್ರೆ ಮುಂದಿನ ವರ್ಷ’ ಅನ್ನುವ ಮಾತೇ ಇಲ್ಲ. ಎರಡು, ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುತ್ತೀರೋ ಮಗು ಅದೇ ಜಿಲ್ಲೆಯಲ್ಲಿ ವಾಸವಿದ್ದು ಅಲ್ಲೇ ಐದನೇ ತರಗತಿ ಓದುತ್ತಿರಬೇಕು. ಮೂರು, ಗ್ರಾಮೀಣ ಕೋಟಾ ಬೇಕೆಂದರೆ 3, 4, 5 ಈ ಮೂರೂ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಮಗುವನ್ನು ನಗರದ ಅಭ್ಯರ್ಥಿ ಎಂದೇ ಪರಿಗಣಿಸುತ್ತಾರೆ.

ಈಗ ಯೋಚಿಸಿ. ಕೋಚಿಂಗ್ ಚೆನ್ನಾಗಿದೆ ಅಂತ ಹಳ್ಳಿಯ ಶಾಲೆಯಿಂದ ಟಿ.ಸಿ. ತೆಗೆಸಿ ಪಟ್ಟಣದ ಶಾಲೆಗೋ ಪಕ್ಕದ ಜಿಲ್ಲೆಗೋ ಸೇರಿಸುವ ಪೋಷಕರಿದ್ದಾರಲ್ಲ, ಅವರು ಸಾಲ ಮಾಡಿ ಫೀಸು ಕಟ್ಟಿ, ಮಗುವಿನ ಕೈಲಿದ್ದ ಮುಕ್ಕಾಲು ಪಾಲು ಸೀಟಿನ ಕೋಟಾವನ್ನೇ ಕಳೆದಿರುತ್ತಾರೆ! ಹತ್ತು ವರ್ಷದ ಮಗುವನ್ನು ಬೆಳಗಿನಿಂದ ರಾತ್ರಿವರೆಗೆ ಒಂದೇ ಪರೀಕ್ಷೆಗೆ ತಿದ್ದುವುದು ನನಗಂತೂ ಒಪ್ಪಿಗೆಯಾಗದ ಮಾತು, ಅದು ಬೇರೆ. ಲೆಕ್ಕದಲ್ಲೂ ಅದು ನಷ್ಟವಾಗಬಹುದು ಅನ್ನೋದು ಇಲ್ಲಿನ ವಿಷಯ.

ರಂಗೋಲಿಯೇ ಪಾಠ

ಪ್ರಶ್ನೆಪತ್ರಿಕೆ ಹೇಗಿರುತ್ತದೆ? ಬೆಳಗ್ಗೆ 11.30ರಿಂದ ಎರಡು ಗಂಟೆ. 80 ಪ್ರಶ್ನೆ, 100 ಅಂಕ. ಅಂದ್ರೆ ಪ್ರಶ್ನೆಗೆ ಒಂದೂಕಾಲು ಅಂಕ, ಒಂದೂವರೆ ನಿಮಿಷ. ಬುದ್ಧಿಶಕ್ತಿ ಪರೀಕ್ಷೆಗೆ 40 ಪ್ರಶ್ನೆ, ಗಣಿತಕ್ಕೆ 20, ಭಾಷೆಗೆ 20. ಪೇಟೆಯಲ್ಲಿ ಸಿಗುವ ಹಳೆಯ ಗೈಡುಗಳಲ್ಲಿ 100 ಪ್ರಶ್ನೆಗಳ ಮಾದರಿ ಇರುತ್ತದೆ, ಅದು ಹಿಂದಿನದು. ಹೊಸ ಮಾದರಿಯ ಒಂದೇ ಒಂದು ಪುಸ್ತಕ ತನ್ನಿ, ಸಾಕು. ನಾಲ್ಕು ಗೈಡು ತಂದು ಒಂದನ್ನೂ ಮುಗಿಸದಿರುವುದಕ್ಕಿಂತ ಒಂದನ್ನು ಎರಡು ಸಲ ಮಾಡಿಸೋದು ಲೇಸು.

ಅರ್ಧದಷ್ಟು ಅಂಕ ಇರುವ ಬುದ್ಧಿಶಕ್ತಿ ಭಾಗವನ್ನು ನೋಡಿಯೇ ತಾಯಂದಿರು ಹೆದರುವುದು. ‘ಇದನ್ನೆಲ್ಲಾ ನಾವು ಓದಿಲ್ಲ ಕಣ್ರೀ’ ಅಂತಾರೆ. ಓದುವುದಕ್ಕೇನೂ ಇಲ್ಲ, ಅದೆಲ್ಲಾ ಬರೀ ಚಿತ್ರ. ಗುಂಪಿಗೆ ಸೇರದ ಚಿತ್ರ ಯಾವುದು, ಮುಂದೆ ಬರುವ ಚಿತ್ರ ಯಾವುದು, ಅರ್ಧ ಚೌಕವನ್ನು ಪೂರ್ತಿ ಮಾಡುವ ತುಂಡು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಸಿ ತೂತು ಮಾಡಿದ ಕಾಗದ ಬಿಚ್ಚಿದರೆ ಹೇಗಿರುತ್ತದೆ, ದೊಡ್ಡ ಚಿತ್ರದೊಳಗೆ ಅಡಗಿರುವ ಸಣ್ಣ ಆಕಾರ ಎಲ್ಲಿ... ಹೀಗೆ ಹತ್ತು ಬಗೆ, ಒಂದೊಂದರಲ್ಲಿ ನಾಲ್ಕು ಪ್ರಶ್ನೆ.

ಚುಕ್ಕಿ ರಂಗೋಲಿ ಹಾಕುವವರಿಗೆ ಇದರಲ್ಲಿ ಹೊಸತೇನಿದೆ ಹೇಳಿ? ಬೆಳಗ್ಗೆ ಅರ್ಧ ರಂಗೋಲಿ ಹಾಕಿ ಉಳಿದರ್ಧ ಮಗುವಿಗೆ ಬಿಡಿ. ಮುಗಿದ ಮೇಲೆ ‘ಇದರೊಳಗೆ ಎಷ್ಟು ತ್ರಿಕೋನ ಇದೆ ಹುಡುಕು’ ಅನ್ನಿ. ಬ್ಲೌಸ್ ಹೊಲಿಯುವವರಾದರೆ ಇನ್ನೂ ಸುಲಭ. ಬಟ್ಟೆ ಮಡಿಸಿ ಒಂದೇ ಕಡೆ ಕತ್ತರಿ ಹಾಕಿದರೆ ಎರಡೂ ಕಡೆ ಹೇಗೆ ಬರುತ್ತದೆ ಅನ್ನೋದು ನಿಮ್ಮ ಕೈಗೇ ಗೊತ್ತು. ಹಳೆಯ ಪೇಪರನ್ನು ಎರಡು ಸಲ ಮಡಿಸಿ, ನಡುವೆ ಒಂದು ತೂತು ಮಾಡಿ, ಬಿಚ್ಚುವ ಮೊದಲೇ ಕೇಳಿ: ಎಷ್ಟು ತೂತು, ಎಲ್ಲೆಲ್ಲಿ? ನಾಲ್ಕು ಅನ್ನೋದು ಬೇಗ ಹೇಳುತ್ತಾರೆ, ಎಲ್ಲಿ ಅನ್ನೋದರಲ್ಲಿ ಎಡವುತ್ತಾರೆ. ಮಡಿಕೆಗಳೆರಡೂ ಸೇರುವ ಮೂಲೆಯನ್ನೇ ಕತ್ತರಿಸಿದರೆ ಒಂದೇ ತೂತು, ಅದೂ ನಟ್ಟನಡುವೆ! ಒಂದು ವಾರ ಕೈಯಾರೆ ಮಾಡಿದ ಮಗುವಿಗೆ ಆಮೇಲೆ ಪುಸ್ತಕದಲ್ಲಿ ನೋಡಿದ ಕೂಡಲೇ ಹೊಳೆಯುತ್ತದೆ.

ಕನ್ನಡಿಗೆ ಗೋಡೆ ಗಡಿಯಾರ ಹಿಡಿಯಿರಿ. ಮೂರು ಗಂಟೆ ಒಂಬತ್ತಾಗಿ ಕಾಣುತ್ತದೆ. ಎಡ ಬಲ ಆಗುತ್ತದೆ, ಮೇಲೆ ಕೆಳಗೆ ಆಗುವುದಿಲ್ಲ. ಇಷ್ಟು ತಲೆಗೆ ಹೋದರೆ ಆ ನಾಲ್ಕು ಪ್ರಶ್ನೆಗೆ ದಾರಿ ಸಿಕ್ಕಂತೆ.

ಗುಂಪಿಗೆ ಸೇರದ್ದನ್ನು ಹುಡುಕುವಾಗ ಮಕ್ಕಳು ಆಕಾರ ಮಾತ್ರ ನೋಡಿ ಉತ್ತರ ಹೇಳಿಬಿಡುತ್ತಾರೆ. ಗೆರೆ ಎಷ್ಟಿವೆ, ಯಾವ ಕಡೆ ತಿರುಗಿದೆ, ಎಷ್ಟು ಭಾಗ ಕಪ್ಪು ತುಂಬಿದೆ, ಆಕೃತಿ ಮುಚ್ಚಿದೆಯೋ ತೆರೆದಿದೆಯೋ, ಈ ನಾಲ್ಕನ್ನೂ ಒಂದಾದ ಮೇಲೊಂದು ನೋಡುವ ಅಭ್ಯಾಸ ಮಾಡಿಸಿ. ‘ಇದೇ ಯಾಕೆ?’ ಅಂತ ಬಾಯಿಬಿಟ್ಟು ಹೇಳಿಸಿ. ಉತ್ತರ ಸರಿಯಿದ್ದರೂ ಕಾರಣ ಹೇಳಲು ಬರದಿದ್ದರೆ ಅದು ಕಣ್ಮುಚ್ಚಿ ಹೊಡೆದದ್ದು ಅಂತಲೇ ತಿಳಿಯಿರಿ.

ಹಾಲಿನ ಲೆಕ್ಕ, ಬಸ್ಸಿನ ಲೆಕ್ಕ

ಗಣಿತದಲ್ಲಿ ಕೇಳುವುದು ಸಂಖ್ಯೆಗಳು, ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಅಳತೆ-ತೂಕ, ಹಣ, ವೇಳೆ, ಸುತ್ತಳತೆ, ವಿಸ್ತೀರ್ಣ ಇಂಥವು. 20ರವರೆಗೆ ಮಗ್ಗಿ ಬಾಯಿಗೆ ಬರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಉಳಿದದ್ದು ಮನೆಯ ಲೆಕ್ಕ. ಲೀಟರಿಗೆ 48 ರೂಪಾಯಿಯಂತೆ ದಿನಕ್ಕೆ ಒಂದೂವರೆ ಲೀಟರ್ ಹಾಲು, ಮೂವತ್ತು ದಿನದಲ್ಲಿ ಎರಡು ದಿನ ಬೇಡ ಅಂದಿದ್ವಿ, ಹಾಲಿನವರಿಗೆ ಎಷ್ಟು ಕೊಡಬೇಕು? ಮಗುವೇ ಲೆಕ್ಕ ಹಾಕಿ 2016 ರೂಪಾಯಿ ಎಣಿಸಿ ಕೊಡಲಿ. ಸೀರೆಯ ಬಾರ್ಡರು, ಟೇಬಲ್ ಕ್ಲಾತಿನ ಲೇಸು ತರುವಾಗ ಎಷ್ಟು ಮೀಟರ್ ಬೇಕು ಅಂತ ಅದರಿಂದಲೇ ಅಳೆಸಿ. ಅದೇ ಸುತ್ತಳತೆ.

ಲ.ಸಾ.ಅ., ಮ.ಸಾ.ಅ. ಎರಡನ್ನೂ ಮಾಡಲು ಬರುತ್ತದೆ, ಯಾವುದನ್ನು ಎಲ್ಲಿ ಮಾಡಬೇಕು ಅನ್ನೋದೇ ಮಕ್ಕಳಿಗೆ ಗೊಂದಲ. ಒಂದು ಬಸ್ಸು 20 ನಿಮಿಷಕ್ಕೊಂದು, ಇನ್ನೊಂದು 30 ನಿಮಿಷಕ್ಕೊಂದು ಹೊರಡುತ್ತದೆ, ಈಗ ಒಟ್ಟಿಗೆ ಹೊರಟವು ಮತ್ತೆ ಯಾವಾಗ ಒಟ್ಟಿಗೆ? 60 ನಿಮಿಷಕ್ಕೆ. ಇದು ಲ.ಸಾ.ಅ. ಅರಿಶಿನ-ಕುಂಕುಮಕ್ಕೆ 36 ಬಾಳೆಹಣ್ಣು, 48 ವೀಳ್ಯದೆಲೆ ಇದೆ, ಒಂದೂ ಉಳಿಯದಂತೆ ಎಲ್ಲರಿಗೂ ಸಮನಾಗಿ ಕೊಡಬೇಕು, ಹೆಚ್ಚೆಂದರೆ ಎಷ್ಟು ಜನ ಮುತ್ತೈದೆಯರನ್ನು ಕರೆಯಬಹುದು? 12 ಜನ, ತಲಾ ಮೂರು ಹಣ್ಣು, ನಾಲ್ಕು ಎಲೆ. ಇದು ಮ.ಸಾ.ಅ. ಮುಂದೆ ಬಂದು ಸೇರುವುದು ಒಂದು, ಇರುವುದನ್ನು ಹಂಚುವುದು ಇನ್ನೊಂದು ಅಂತ ಹೇಳಿಕೊಟ್ಟರೆ ಮರೆಯುವುದಿಲ್ಲ.

ಎರಡು ಕಡೆ ಜಾಣ ಮಕ್ಕಳೂ ಜಾರುತ್ತಾರೆ, ಗಮನಿಸಿ. 2 ಕೆ.ಜಿ. 50 ಗ್ರಾಂ ಅಂದರೆ ಥಟ್ಟನೆ 2.5 ಕೆ.ಜಿ. ಅಂತ ಬರೆದುಬಿಡುತ್ತಾರೆ. ಅದು 2.050. ಹಾಗೆಯೇ 9.50ಕ್ಕೆ ಹೊರಟ ಬಸ್ಸು 11.20ಕ್ಕೆ ಬಂದರೆ ಪ್ರಯಾಣ ಎಷ್ಟು ಹೊತ್ತು ಎಂದರೆ ಸಾದಾ ಕಳೆಯುವ ಲೆಕ್ಕ ಮಾಡಿ 1.70 ಅನ್ನುತ್ತಾರೆ! ಗಂಟೆಗೆ 60 ನಿಮಿಷ ಅನ್ನೋದು ಗೊತ್ತಿದ್ದೂ ಪೆನ್ನು ಹಿಡಿದಾಗ ಮರೆಯುತ್ತದೆ. ಉತ್ತರ ಒಂದೂವರೆ ಗಂಟೆ. ಆಯ್ಕೆಗಳಲ್ಲಿ ಇಂಥ ತಪ್ಪು ಉತ್ತರವೂ ಇದ್ದರೆ ಮಗು ಖುಷಿಯಿಂದ ಅದಕ್ಕೇ ಗುರುತು ಹಾಕಿ ಬರುತ್ತದೆ.

ಭಾಷೆಯ ಭಾಗದಲ್ಲಿ ನಾಲ್ಕು ಗದ್ಯಭಾಗ, ಒಂದೊಂದರ ಕೆಳಗೆ ಐದು ಪ್ರಶ್ನೆ. ಇಲ್ಲಿ ಮಕ್ಕಳು ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ, ಅಲ್ಲಿ ಬರೆದಿರುವುದನ್ನಲ್ಲ. ‘ಸೋಮವಾರದ ಸಂತೆಗೆ ಹೋಗಬೇಕಿದ್ದ ಅಜ್ಜ ಮಳೆಯಿಂದಾಗಿ ಮಾರನೇ ದಿನ ಪಕ್ಕದೂರಿನ ಸಂತೆಗೆ ಹೋದರು’ ಅಂತ ಓದಿ, ಅಜ್ಜ ಸಂತೆಗೆ ಹೋದದ್ದು ಯಾವಾಗ ಅಂತ ಕೇಳಿದರೆ ಸೋಮವಾರ ಅನ್ನೋ ಮಕ್ಕಳೇ ಜಾಸ್ತಿ. ದಿನಾ ಪೇಪರಿನ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿಸಿ, ನೀವು ರೊಟ್ಟಿ ತಟ್ಟುತ್ತಲೇ ಮೂರು ಪ್ರಶ್ನೆ ಕೇಳಿ. ಉತ್ತರ ಇರುವ ಸಾಲನ್ನು ಬೆರಳಿಟ್ಟು ತೋರಿಸಬೇಕು, ಅದೇ ಷರತ್ತು. ಕನ್ನಡ ಮಾಧ್ಯಮದ ಮಗು ಕನ್ನಡದಲ್ಲೇ ಬರೆಯಲಿ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವಾಗ ಇಂಗ್ಲಿಷಿನ ಗೀಳು ಯಾಕೆ?

ಇಷ್ಟಕ್ಕೆಲ್ಲಾ ದಿನಕ್ಕೆ ಎಷ್ಟು ಹೊತ್ತು ಬೇಕು? ಜೂನ್-ಜುಲೈನಲ್ಲಿ ಶುರು ಮಾಡಿದರೆ ಅರ್ಧ ಗಂಟೆ ಸಾಕು, ಕೊನೆಯ ಎರಡು ತಿಂಗಳು ಮುಕ್ಕಾಲು ಗಂಟೆ. ಶಾಲೆಯಿಂದ ಬಂದ ಕೂಡಲೇ ಕೂರಿಸಬೇಡಿ, ಒಂದಿಷ್ಟು ಆಡಿಕೊಂಡು ಬರಲಿ. ನವೆಂಬರಿನಿಂದ ಭಾನುವಾರಗಳಲ್ಲಿ ಸರಿಯಾಗಿ 11.30ಕ್ಕೆ ಕೂರಿಸಿ ಎರಡು ಗಂಟೆಯ ಪೂರ್ತಿ ಪತ್ರಿಕೆ ಮಾಡಿಸಿ. ಅದೇ ಸಮಯ ಯಾಕೆಂದರೆ ಅದು ಮಕ್ಕಳಿಗೆ ಹಸಿವಾಗುವ ಹೊತ್ತು. ಬೆಳಗ್ಗೆ ಏನು ತಿಂದರೆ 1.30ರವರೆಗೆ ತಡೆಯುತ್ತದೆ ಅನ್ನೋದು ನಿಮಗೂ ಗೊತ್ತಾಗುತ್ತದೆ. ಮೂರೂ ಭಾಗಗಳಲ್ಲಿ ಪ್ರತ್ಯೇಕವಾಗಿ ಅರ್ಹತೆ ಪಡೆಯಬೇಕು, ಆದ್ದರಿಂದ ಚಿತ್ರಗಳಲ್ಲೇ ಮುಳುಗಿ ಗಣಿತ ಬಿಟ್ಟು ಬರುವಂತಿಲ್ಲ.

ಒಎಂಆರ್ ಹಾಳೆಯ ಅಭ್ಯಾಸವನ್ನು ಮಾತ್ರ ಮರೆಯಬೇಡಿ. ಹಳ್ಳಿ ಶಾಲೆಯ ಮಕ್ಕಳು ಅದನ್ನು ಪರೀಕ್ಷೆಯ ದಿನವೇ ಮೊದಲ ಸಲ ನೋಡುವುದುಂಟು. ಒಂದು ಹಾಳೆಯಲ್ಲಿ 1ರಿಂದ 80 ಬರೆದು ಪ್ರತಿಯೊಂದರ ಮುಂದೆ ನಾಲ್ಕು ಸಣ್ಣ ವೃತ್ತ ಬಿಡಿಸಿ, ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಬಾಲ್‌ಪೆನ್ನಿನಲ್ಲಿ ವೃತ್ತ ತುಂಬಬೇಕು, ಒಮ್ಮೆ ತುಂಬಿದರೆ ತಿದ್ದುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ದೊಡ್ಡ ಅಪಾಯ ಅಂದ್ರೆ 17ನೇ ಪ್ರಶ್ನೆ ಬಿಟ್ಟು 18ರ ಉತ್ತರವನ್ನು 17ರ ಸಾಲಿನಲ್ಲಿ ತುಂಬುವುದು. ಅಲ್ಲಿಂದ ಮುಂದೆ ಎಲ್ಲಾ ಸಾಲೂ ತಪ್ಪುತ್ತದೆ. ಪ್ರತಿ ಹತ್ತು ಪ್ರಶ್ನೆಗೊಮ್ಮೆ ಪ್ರಶ್ನೆಯ ನಂಬರು, ಹಾಳೆಯ ನಂಬರು ಒಂದೇ ಇದೆಯಾ ಅಂತ ನೋಡುವುದನ್ನು ರೂಢಿ ಮಾಡಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಯ ಐದು ನಿಮಿಷದಲ್ಲಿ ಯಾವ ಸಾಲೂ ಖಾಲಿ ಇರಬಾರದು.

ಯಾವ ಗೈಡಿನಲ್ಲೂ ಇಲ್ಲದ್ದು

ಸೀಟು ಸಿಕ್ಕಿತು ಅಂತಿಟ್ಟುಕೊಳ್ಳಿ. ಆಮೇಲೆ? ಹತ್ತು-ಹನ್ನೊಂದು ವರ್ಷದ ಮಗು ಟ್ರಂಕು ಹಿಡಿದು ಮನೆ ಬಿಡುತ್ತದೆ. ತನ್ನ ಬಟ್ಟೆ, ತನ್ನ ತಟ್ಟೆ, ತನ್ನ ಹಾಸಿಗೆ ಎಲ್ಲಾ ತಾನೇ ನೋಡಿಕೊಳ್ಳಬೇಕು. ಪರೀಕ್ಷೆಗೆ ತಯಾರು ಮಾಡುವವರು ಇದ್ದಾರೆ, ಇದಕ್ಕೆ ತಯಾರು ಮಾಡುವವರು ನಾವಲ್ಲದೆ ಇನ್ಯಾರು? ಅಕ್ಕನ ಮಗ ಲೆಕ್ಕದಲ್ಲಿ ಚುರುಕು. ಆದರೆ ಹಾಸ್ಟೆಲಿಗೆ ಹೋದ ಮೊದಲ ತಿಂಗಳು ಅವನನ್ನು ಅಳಿಸಿದ್ದು ಪಾಠವಲ್ಲ, ಒದ್ದೆ ಟವೆಲು. ಒಣಗಿಸಬೇಕು ಅನ್ನೋದೇ ಅವನಿಗೆ ಗೊತ್ತಿರಲಿಲ್ಲ, ಯಾವಾಗಲೂ ಅವರಜ್ಜಿಯೇ ಒಣಹಾಕುತ್ತಿದ್ದರು. ಆದ್ದರಿಂದ ಈಗಿನಿಂದಲೇ ಒಳಉಡುಪು ತಾನೇ ಒಗೆಯಲಿ, ಹುಡುಗಿಯಾದರೆ ತಾನೇ ಜಡೆ ಹಾಕಿಕೊಳ್ಳಲಿ. ರಜೆಯಲ್ಲಿ ನೀವಿಲ್ಲದೆ ನಾಲ್ಕು ದಿನ ಮಾವನ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಮಲಗಿ ಏಳಲಿ. ಹೊಟ್ಟೆನೋವು ಬಂದರೆ, ಯಾರಾದರೂ ಹೊಡೆದರೆ, ಮುಟ್ಟಬಾರದ ಕಡೆ ಮುಟ್ಟಿದರೆ ಯಾರಿಗೆ ಹೇಗೆ ಹೇಳಬೇಕು ಅನ್ನೋದನ್ನು ನಾಚಿಕೆಯಿಲ್ಲದೆ ಹೇಳಿಕೊಡಿ.

ಇನ್ನೊಂದು ವಿಷಯ ಎಷ್ಟೋ ಪೋಷಕರಿಗೆ ಸೇರಿಸಿದ ಮೇಲೆ ಗೊತ್ತಾಗುತ್ತದೆ. ಒಂಬತ್ತನೇ ತರಗತಿಯಲ್ಲಿ ಶೇಕಡಾ 30ರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸಿ, ಅಲ್ಲಿನ ಮಕ್ಕಳನ್ನು ಇಲ್ಲಿಗೆ ಕರೆಸುತ್ತಾರೆ. ಬೇರೆ ಭಾಷೆ, ಬೇರೆ ಜನ ಗೊತ್ತಾಗಲಿ ಅಂತ ಮೊದಲಿನಿಂದಲೂ ಇರುವ ಯೋಜನೆ ಅದು. ಒಳ್ಳೆಯದೇ, ಆದರೆ ಮೊದಲೇ ತಿಳಿದಿರಲಿ.

ಇಷ್ಟೆಲ್ಲಾ ಹೇಳಿ ಮಗುವನ್ನೇ ಒಂದು ಮಾತು ಕೇಳಿ. ‘ಹೋಗ್ತೀಯಾ?’ ಅಂತ ನೆಂಟರೆದುರು ಅಲ್ಲ, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು. ‘ಬೇಡಮ್ಮ’ ಅಂದರೆ ಯಾಕೆ ಅಂತ ಕೇಳಿ. ಬರೀ ಭಯವಾದರೆ ಹೋಗಲಾಡಿಸಬಹುದು. ನಿಜವಾಗಿಯೂ ಮನಸ್ಸಿಲ್ಲದಿದ್ದರೆ ಅಲ್ಲಿಗೆ ಬಿಡಿ.

ಸಿಗದಿದ್ದರೆ?

ಜಿಲ್ಲೆಗೆ 80 ಸೀಟು, ಬರೆಯುವವರು ಸಾವಿರಾರು. ಬಹುಪಾಲು ಮಕ್ಕಳಿಗೆ ಸಿಗುವುದಿಲ್ಲ, ಇದು ಸೀದಾ ಲೆಕ್ಕ. ‘ಸಿಕ್ಕೇ ಸಿಗುತ್ತೆ, ಸೈಕಲ್ ಕೊಡಿಸ್ತೀನಿ’ ಎಂಬ ಆಸೆಯನ್ನು ಪರೀಕ್ಷೆಗೆ ಮೊದಲು ತೋರಿಸಬೇಡಿ. ಕೊಡಿಸುವುದಾದರೆ ಬರೆದು ಬಂದದ್ದಕ್ಕೇ ಏನಾದರೂ ಸಣ್ಣದು ಕೊಡಿಸಿ. ಪರೀಕ್ಷಾ ಕೇಂದ್ರದ ಗೇಟಿನಲ್ಲೇ ಪ್ರಶ್ನೆಪತ್ರಿಕೆ ಕಿತ್ತುಕೊಂಡು ಉತ್ತರ ತಾಳೆ ನೋಡುವ ಅಪ್ಪಂದಿರಿದ್ದಾರೆ, ದಯವಿಟ್ಟು ತಡೆಯಿರಿ. ಫಲಿತಾಂಶದಲ್ಲಿ ಹೆಸರಿಲ್ಲ ಅಂತ ಗೊತ್ತಾದ ದಿನ ನನ್ನ ಮಗಳು ಕೇಳಿದ್ದು ಒಂದೇ: ‘ಅತ್ತೆಗೆ ನೀನೇ ಹೇಳ್ತೀಯಾ?’ ಸೋತದ್ದಕ್ಕಿಂತ ಬಂಧುಗಳ ಬಾಯಿಯ ಭಯವೇ ಮಕ್ಕಳಿಗೆ ಹೆಚ್ಚು. ಫೋನುಗಳನ್ನೆಲ್ಲಾ ನಾನೇ ಮಾಡಿ ಮುಗಿಸಿದೆ, ಅವಳ ಮುಂದೆ ಆ ಮಾತು ಬರಲಿಲ್ಲ.

ಇದೇ ಓದು ಬೇರೆ ಕಡೆಗೂ ಆಗುತ್ತದೆ, ಅದನ್ನು ಮರೆಯಬೇಡಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ಅಲ್ಲಿ ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಜೊತೆ ಸಾಮಾನ್ಯ ಜ್ಞಾನವನ್ನೂ ಕೇಳುವುದರಿಂದ ಶಾಲೆಯ ಪಠ್ಯಪುಸ್ತಕವನ್ನು ಕೈಬಿಡುವಂತಿಲ್ಲ. ವಿಜಯಪುರ, ಕೊಡಗಿನ ಸೈನಿಕ ಶಾಲೆಗಳ ಪರೀಕ್ಷೆಯಲ್ಲಿ 300 ಅಂಕಕ್ಕೆ 150 ಗಣಿತದ್ದೇ, ಹೆಣ್ಣುಮಕ್ಕಳಿಗೂ ಅಲ್ಲಿ ಈಗ ಅವಕಾಶವಿದೆ. ಮನೆಯಿಂದಲೇ ಓಡಾಡಿ ಓದಲಿ ಅನ್ನುವವರಿಗೆ ತಾಲ್ಲೂಕುಗಳಲ್ಲಿ ಆದರ್ಶ ವಿದ್ಯಾಲಯಗಳಿವೆ, ಅವಕ್ಕೂ ಪ್ರವೇಶ ಪರೀಕ್ಷೆ ಆರನೇ ತರಗತಿಗೇ.

ನವೋದಯಕ್ಕೇ ಹೋಗಬೇಕು ಅನ್ನೋ ಮಗುವಿಗೆ ಮುಂದೆ ಇನ್ನೊಂದು ಬಾಗಿಲು ಇದೆ. ಒಂಬತ್ತನೇ ತರಗತಿಯಲ್ಲಿ ಖಾಲಿ ಬಿದ್ದಿರುವ ಸೀಟುಗಳಿಗೆ, ಎಂಟನೇ ತರಗತಿಯಲ್ಲಿರುವಾಗ ಬರೆಯುವ ಪರೀಕ್ಷೆ ಅದು. ಸೀಟು ಕಡಿಮೆ. ವಿಷಯಗಳು ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ. ನನ್ನ ಮಗಳು ಈಗ ಏಳನೇ ಕ್ಲಾಸು. ಬರೀತೀಯಾ ಅಂತ ಮೊನ್ನೆ ಕೇಳಿದೆ. ‘ಹಿಂದಿ ಇನ್ನೂ ಸರಿಯಾಗಿ ಬರಲ್ಲಮ್ಮ, ನೋಡೋಣ’ ಅಂದಿದ್ದಾಳೆ.